ಒಟಿಟಿಗೆ ಬರಲಿ, ನೋಡೋಣ

ಯಾವುದಾದರೂ ಹೊಸ ಕನ್ನಡ ಸಿನಿಮಾದ ಹೆಸರನ್ನು ನಮ್ಮ ಬೀದಿಯಲ್ಲಿ ಎತ್ತಿ ನೋಡಿ. ಹಾಲಿನ ಬೂತಿನ ಹತ್ತಿರವಾಗಲಿ, ಪಾರ್ಕಿನ ಕಲ್ಲುಬೆಂಚಿನ ಮೇಲಾಗಲಿ, ಬರುವ ಉತ್ತರ ಒಂದೇ: "ಚೆನ್ನಾಗಿದೆಯಂತೆ ಕಣ್ರೀ, ಒಟಿಟಿಗೆ ಬರಲಿ, ನೋಡೋಣ." ಸಿನಿಮಾ ಚೆನ್ನಾಗಿಲ್ಲವಂತೆ ಎಂದು ಸುದ್ದಿಯಿದ್ದರೂ ಮಾತು ಬದಲಾಗುವುದಿಲ್ಲ: "ಹೌದಂತೆ, ಒಟಿಟಿಗೆ ಬರಲಿ, ನೋಡೋಣ." ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ ತೀರ್ಪು ಕೊಡುವ ಇಂಥ ನಿಷ್ಪಕ್ಷಪಾತ ನ್ಯಾಯಾಲಯ ಬೇರೆಲ್ಲೂ ಇರಲಾರದು.

ನಮ್ಮದು ಮೈಸೂರು. 2020ರಲ್ಲಿ ಶಾಂತಲಾ ಚಿತ್ರಮಂದಿರ ಬಾಗಿಲು ಹಾಕಿದಾಗ ಊರಿಗೆ ಊರೇ ಮರುಗಿತು. ಅಲ್ಲಿ ಯಾವ ಸಿನಿಮಾ ಯಾರ ಜೊತೆ ನೋಡಿದ್ದು, ಬ್ಲ್ಯಾಕ್ ಟಿಕೆಟ್ಟಿಗೆ ಎಷ್ಟು ಕೊಟ್ಟಿದ್ದು ಎಂದೆಲ್ಲ ಜನ ವಾಟ್ಸಾಪಿನಲ್ಲಿ ಬರೆದುಕೊಂಡರು. ಬರೆದವರೆಲ್ಲ ಆಗ ಮನೆಯ ಸೋಫಾದ ಮೇಲಿದ್ದರು. ಕೊರೋನಾ ಕಾಲವಾದ್ದರಿಂದ ಬೇರೆಲ್ಲೂ ಇರುವ ಹಾಗೂ ಇರಲಿಲ್ಲ. ಅದೇ ವರ್ಷದ ಜುಲೈನಲ್ಲಿ ಪಿಆರ್‌ಕೆ ಸಂಸ್ಥೆಯ 'ಲಾ', ಅದರ ಹಿಂದೆಯೇ 'ಫ್ರೆಂಚ್ ಬಿರಿಯಾನಿ' ಚಿತ್ರಮಂದಿರದ ಮೆಟ್ಟಿಲು ತುಳಿಯದೆ ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂದಿದ್ದವು. ಶುಕ್ರವಾರ ಬಿಡುಗಡೆಯಾದ ಸಿನಿಮಾವನ್ನು ಶುಕ್ರವಾರವೇ ನೈಟಿಯಲ್ಲಿ ಕೂತು ನೋಡಬಹುದು ಎಂದು ಗೊತ್ತಾದ ಮೇಲೆ ಮೈಸೂರು ರೇಷ್ಮೆ ಉಟ್ಟು ಥಿಯೇಟರಿಗೆ ಹೋಗುತ್ತಿದ್ದ ಒಂದು ತಲೆಮಾರು ಮತ್ತೆ ಹೊರಗೆ ಬರಲೇ ಇಲ್ಲ.

ಹೀಗೆ ಮನೆ ಸೇರಿದ ಸಿನಿಮಾದ ಜೊತೆಗೆ ವಿಮರ್ಶೆಯೂ ಮನೆ ಸೇರಿತು. ನಮ್ಮ ಮನೆಯಲ್ಲಿ ವಿಮರ್ಶಕರಿಗೆ ಕೊರತೆಯಿಲ್ಲ. ಯಜಮಾನರ ಬಳಿ ಇರುವುದು ಒಂದೇ ಪದ, "ಪರವಾಗಿಲ್ಲ." ಅದನ್ನು ಅವರು ಯಾವ ರಾಗದಲ್ಲಿ ಹೇಳುತ್ತಾರೆ ಎನ್ನುವುದರ ಮೇಲೆ ನಾವು ನಕ್ಷತ್ರಗಳನ್ನು ಎಣಿಸಿಕೊಳ್ಳಬೇಕು. ಎಳೆದು ಹೇಳಿದರೆ ಮೂರೂವರೆ, ತುಂಡು ಮಾಡಿ ಹೇಳಿದರೆ ಎರಡು, ಕಣ್ಣು ಮುಚ್ಚಿಕೊಂಡೇ ಹೇಳಿದರೆ ಅವರು ಸಿನಿಮಾ ನೋಡಿಲ್ಲ. ಪಿಯುಸಿ ಓದುತ್ತಿರುವ ಮಗನದು "ಲ್ಯಾಗ್". ಅವನ ಪ್ರಕಾರ ಭೂಮಿಯ ಮೇಲಿನ ಸಮಸ್ತ ಚಲನಚಿತ್ರಗಳೂ ಸೆಕೆಂಡ್ ಹಾಫ್ ಲ್ಯಾಗ್. ಅವನು ಫೋನಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಾನೆ. ನಾಯಕಿ ಅಳುವುದು ಹಕ್ಕಿ ಚಿಲಿಪಿಲಿಗುಟ್ಟಿದಂತೆ ಕೇಳುತ್ತದೆ, ಆದರೂ ಲ್ಯಾಗ್.

ನಮ್ಮ ಅತ್ತೆಯವರದು ಬೇರೆಯದೇ ಪಂಥ. ಅವರು ಸಿನಿಮಾ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಬರುತ್ತಾರೆ, ಬಂದವರೇ "ಇವನು ಯಾರ ಮಗ?" ಎಂದು ಕೇಳುತ್ತಾರೆ. ಕೊಲೆಗಾರನಾದರೂ ಸರಿ, ಮುಖ್ಯಮಂತ್ರಿಯಾದರೂ ಸರಿ, ಮೊದಲು ವಂಶಾವಳಿ ತಿಳಿಯಬೇಕು. ಆಮೇಲೆ ಕೈಯಲ್ಲಿ ಏನಾದರೊಂದು ಕೆಲಸ ಬೇಕು. 'ಸಪ್ತ ಸಾಗರದಾಚೆ ಎಲ್ಲೋ' ಸೈಡ್ ಎ, ಸೈಡ್ ಬಿ ಎರಡನ್ನೂ ನಾವು ಒಟ್ಟಿಗೆ ನೋಡಿದ್ದು ಅವರೆಕಾಯಿ ಕಾಲದಲ್ಲಿ. ಮುಂದೆ ಎರಡು ಪಾತ್ರೆ, ಒಂದರಲ್ಲಿ ನೆನೆದ ಕಾಳು, ಇನ್ನೊಂದರಲ್ಲಿ ಹಿತಕಿದ್ದು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಾಳನ್ನು ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಹೇಮಂತ್ ರಾವ್ ಅವರ ನೀಲಿ ಬಣ್ಣದ ಮೌನವಿದೆಯಲ್ಲ, ಮನು ಮತ್ತು ಪ್ರಿಯಾ ಏನೂ ಮಾತಾಡದೆ ಒಬ್ಬರನ್ನೊಬ್ಬರು ನೋಡುವುದು, ಅದರ ಉದ್ದಕ್ಕೂ ನಮ್ಮ ಹಾಲಿನಲ್ಲಿ ಪುಳಕ್, ಪುಳಕ್. ಬೇರೆಯವರ ಮಗ ಮಾಡಿದ ಅಪಘಾತವನ್ನು ತನ್ನ ತಲೆಗೆ ಕಟ್ಟಿಕೊಂಡು ಮನು ಜೈಲಿಗೆ ಹೋದಾಗ ಅತ್ತೆಯವರ ಕೈ ನಿಂತಿತು. "ದುಡ್ಡಿನಾಸೆಗೆ ಮಾಡದ ತಪ್ಪು ಒಪ್ಪಿಕೊಳ್ಳೋದಾ? ಹೇಳೋಕೆ ಮನೇಲಿ ಹಿರಿಯರು ಯಾರೂ ಇರಲಿಲ್ವಾ?"

ಆ ಚಿತ್ರದ ಬಗ್ಗೆ ನಾನು ಓದಿದ ಉದ್ದುದ್ದ ಬರಹಗಳಲ್ಲಿ ಪ್ರೇಮ, ವಿರಹ, ಬಣ್ಣಗಳ ಸಂಕೇತ ಎಲ್ಲ ಇದ್ದವು. ಮನೆಯಲ್ಲಿ ಹಿರಿಯರಿರಲಿಲ್ಲವೇ ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನನಗಂತೂ ಕಥೆಯ ನರ ಅಲ್ಲೇ ಸಿಕ್ಕಿತು. ಅವರಿಬ್ಬರೂ ತಮ್ಮ ಬದುಕನ್ನು ತಾವೇ ಕಟ್ಟಿಕೊಳ್ಳಲು ಹೊರಟವರು, ತಡೆಯುವುದಕ್ಕೆ ಒಬ್ಬರೂ ಇಲ್ಲದವರು. ಸೈಡ್ ಬಿ ಮಾತ್ರ ಅತ್ತೆಯವರಿಗೆ ಹಿಡಿಸಲಿಲ್ಲ. "ಅವಳ ಮದುವೆಯಾಯ್ತು, ಮಗು ಆಯ್ತು, ಇನ್ನೂ ಯಾಕೆ ಹಿಂದೆ ಬಿದ್ದಿದ್ದಾನೆ?" ಎಂದರು. ಯಜಮಾನರು "ಪರವಾಗಿಲ್ಲ" ಎಂದರು, ತುಂಡು ಮಾಡಿ.

ಇನ್ನೊಂದು ತಮಾಷೆ ನೀವೂ ನೋಡಿರುತ್ತೀರಿ. ಮನೆಯ ಪರದೆಯಲ್ಲೂ ಸಿನಿಮಾ ಅರ್ಧಕ್ಕೆ ಬಂದಾಗ 'ಮಧ್ಯಂತರ' ಎಂಬ ಫಲಕ ಬರುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದಿನ ದೃಶ್ಯ ಶುರುವಾಗಿಬಿಡುತ್ತದೆ. ನಿರ್ದೇಶಕರು ಅಷ್ಟು ಕಷ್ಟಪಟ್ಟು, ನಾಯಕನ ತಲೆಗೆ ಬಂದೂಕು ಹಿಡಿಸಿ, ಡೊಳ್ಳು ಬಾರಿಸಿ ನಮ್ಮನ್ನು ಪಾಪ್‌ಕಾರ್ನಿಗೆ ಕಳಿಸಿಕೊಟ್ಟಿರುತ್ತಾರೆ. ಇಲ್ಲಿ ನೋಡಿದರೆ ನಾವು ಹಿಂದಿನ ಒಂದು ಗಂಟೆಯಲ್ಲಿ ಆಗಲೇ ಗ್ಯಾಸ್ ಆರಿಸಲು, ಕೊರಿಯರ್ ತೆಗೆದುಕೊಳ್ಳಲು, ನಾದಿನಿಯ ಫೋನಿಗೆ ಉತ್ತರ ಕೊಡಲು ಎದ್ದು ಹೋಗಿ ಬಂದಿದ್ದೇವೆ. ಕರೆದಾಗ ಏಳುವುದಿಲ್ಲ, ಕರೆಯದಿದ್ದಾಗ ಎದ್ದು ಹೋಗುತ್ತೇವೆ. ಇಂಥ ಪ್ರೇಕ್ಷಕರನ್ನು ನಂಬಿ ಚಿತ್ರಕಥೆ ಬರೆಯುವವರ ಬಗ್ಗೆ ನನಗೆ ನಿಜಕ್ಕೂ ಮರುಕವಿದೆ.

ಹಾಗಂತ ಮನೆಯಲ್ಲಿ ಸಿನಿಮಾ ನೋಡುವುದು ನಿನ್ನೆ ಮೊನ್ನೆಯ ಚಟವೇನಲ್ಲ. ನಾವು ಚಿಕ್ಕವರಿದ್ದಾಗ ಅದೊಂದು ಬಾಡಿಗೆಯ ಸಂಭ್ರಮ. ಗಣೇಶನ ಹಬ್ಬಕ್ಕೋ ಯಾರದೋ ಮನೆ ನಾಮಕರಣಕ್ಕೋ ವಿಸಿಪಿ, ಕಲರ್ ಟಿವಿ, ಕ್ಯಾಸೆಟ್ಟು ಎಲ್ಲ ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ಬರುತ್ತಿದ್ದವು. ಕೊಟ್ಟ ದುಡ್ಡು ವ್ಯರ್ಥವಾಗಬಾರದೆಂದು ಬೆಳಗಿನ ಜಾವದವರೆಗೆ ಒಂದಾದ ಮೇಲೊಂದು ಓಡಿಸುತ್ತಿದ್ದರು. ಚಿತ್ರದ ಮೇಲೆ ಗೀರು ಬಿದ್ದರೆ ಸೋದರಮಾವ ಎದ್ದು "ಹೆಡ್ ಕ್ಲೀನ್ ಮಾಡ್ಬೇಕು" ಎಂದು ಡಬ್ಬಿ ಬಿಚ್ಚುತ್ತಿದ್ದರು, ಅಷ್ಟು ಹೊತ್ತು ಅಂಗಳದ ತುಂಬ ಜನ ಕಥೆ ಮುಂದೆ ಏನಾಗಬಹುದು ಎಂದು ಚರ್ಚೆ ಮಾಡುತ್ತಿದ್ದರು. ದೂರದರ್ಶನದ 'ಮಾಲ್ಗುಡಿ ಡೇಸ್' ಕೂಡ ಹಾಗೆಯೇ. ಶಂಕರ್ ನಾಗ್ ಆಗುಂಬೆಯನ್ನು ಮಾಲ್ಗುಡಿ ಮಾಡಿ ದೇಶಕ್ಕೆಲ್ಲ ತೋರಿಸಿದರು. ನಮ್ಮಜ್ಜಿಗೆ ಅದರ ಹಿಂದಿ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೂ ಸ್ವಾಮಿಯ ಅಪ್ಪನಾಗಿದ್ದ ಗಿರೀಶ್ ಕಾರ್ನಾಡರು ಕಣ್ಣು ಕೆಂಪಗೆ ಮಾಡಿದರೆ "ಪಾಪ, ಮಗೂಗೆ ಹೊಡೀಬೇಡ್ವೋ" ಎಂದು ಕೂಗುತ್ತಿದ್ದರು. ಮನೆಯಲ್ಲಿ ನೋಡಿದರೂ ಊರಿನ ಜೊತೆ ನೋಡಿದ ಕಾಲ ಅದು. ಈಗ ಒಂದೇ ಮನೆಯಲ್ಲಿ ನಾಲ್ಕು ಜನ ನಾಲ್ಕು ಪರದೆಯಲ್ಲಿ ನಾಲ್ಕು ಸಿನಿಮಾ ನೋಡಿ ಊಟಕ್ಕೆ ಕೂತಾಗ ಅಭಿಪ್ರಾಯ ಭೇದ ಬರದೆ ಇನ್ನೇನಾಗುತ್ತದೆ?

ಅಭಿಪ್ರಾಯ ಭೇದ ಎಂದೆನಲ್ಲ, ಈಗ ಪ್ರತಿ ಸಿನಿಮಾಕ್ಕೂ ಎರಡು ಸಲ ತೀರ್ಪು ಬರುತ್ತದೆ. ಚಿತ್ರಮಂದಿರದ ತೀರ್ಪು ಮೊದಲು, ಒಟಿಟಿ ತೀರ್ಪು ಆಮೇಲೆ. ಎರಡಕ್ಕೂ ಎಣ್ಣೆ ಸೀಗೆಕಾಯಿ. 'ಸು ಫ್ರಮ್ ಸೋ' ನೋಡಿ. 2025ರ ಜುಲೈ 25ಕ್ಕೆ ಬಿಡುಗಡೆಯಾಯಿತು. ದೊಡ್ಡ ತಾರೆಯಿಲ್ಲ, ಫೈಟಿಲ್ಲ, ಕರಾವಳಿಯ ಒಂದು ಹಳ್ಳಿ, ಅಲ್ಲೊಬ್ಬ ಅಶೋಕ, ಅವನ ಮೈಮೇಲೆ ಸೋಮೇಶ್ವರದ ಸುಲೋಚನೆ ಬಂದಿದ್ದಾಳೆ ಎಂಬ ಪುಕಾರು. ಜೆ.ಪಿ. ತೂಮಿನಾಡು ತಾವೇ ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಮಾಡಿದ್ದರು. ಟಿಕೆಟ್ ಸಿಗದ ಹಾಗಾಯಿತು. ನಾನು ನೋಡಿದ ಆಟದಲ್ಲಿ ಹಿಂದಿನ ಸಾಲಿನಲ್ಲೊಬ್ಬರು ಎಷ್ಟು ನಗುತ್ತಿದ್ದರೆಂದರೆ ಅವರ ನಗುವಿಗೆ ನಾವು ನಗುತ್ತಿದ್ದೆವು, ನಮ್ಮ ನಗುವಿನಲ್ಲಿ ಮುಂದಿನ ಸಂಭಾಷಣೆ ಕೇಳದೆ ಮುಂದಿನ ಸಾಲಿನವರು ತಿರುಗಿ ನೋಡುತ್ತಿದ್ದರು, ಅದಕ್ಕೂ ನಗು. ಸೆಪ್ಟೆಂಬರ್ 9ಕ್ಕೆ ಜಿಯೋಹಾಟ್‌ಸ್ಟಾರ್‌ಗೆ ಬಂತು. ಮರುದಿನವೇ ಪಾರ್ಕಿನ ಬೆಂಚು ಮಾತಾಡಿತು: "ಅಯ್ಯೋ, ಇದಕ್ಕಾ ಅಷ್ಟೊಂದು ಹೈಪು? ಎರಡು ಕಡೆ ನಗು ಬಂತಪ್ಪ, ಅಷ್ಟೇ."

ಮದುವೆಗೆ ಕರೆದರೂ ಬಾರದೆ, ಮಾರನೆಯ ದಿನ ಬಂದು, ಫ್ರಿಜ್ಜಿನಲ್ಲಿದ್ದ ಹುಳಿಯನ್ನು ಬಿಸಿ ಮಾಡದೆ ತಿಂದು, "ಅಡುಗೆ ಅಷ್ಟಕ್ಕಷ್ಟೆ" ಎನ್ನುವ ನೆಂಟರಿರುತ್ತಾರಲ್ಲ, ಆ ಜಾತಿಯ ಅಭಿಪ್ರಾಯ ಇದು. ನಗು ಒಬ್ಬರಿಗೆ ಬರುವುದೇ ಬೇರೆ, ಮುನ್ನೂರು ಜನಕ್ಕೆ ಬರುವುದೇ ಬೇರೆ. ಮಧ್ಯಾಹ್ನ ಎರಡು ಗಂಟೆಗೆ, ಪಕ್ಕದ ಸೈಟಿನಲ್ಲಿ ಟೈಲ್ಸ್ ಕತ್ತರಿಸುವ ಸದ್ದಿನ ನಡುವೆ, ಒಬ್ಬರೇ ಕೂತು ದೆವ್ವದ ಹಾಸ್ಯ ನೋಡಿ ನಗು ಬರಲಿಲ್ಲ ಎಂದರೆ ತಪ್ಪು ದೆವ್ವದ್ದಲ್ಲ.

'ಕಾಂತಾರ'ದ್ದು ಇನ್ನೂ ವಿಚಿತ್ರ. 2022ರ ಸೆಪ್ಟೆಂಬರ್ 30ಕ್ಕೆ ಚಿತ್ರಮಂದಿರದಲ್ಲಿ ಬಂದ ಚಿತ್ರ ನವೆಂಬರ್ 24ಕ್ಕೆ ಪ್ರೈಮ್‌ಗೆ ಬಂದಾಗ 'ವರಾಹ ರೂಪಂ' ಹಾಡಿನ ಧಾಟಿಯೇ ಬೇರೆಯಾಗಿತ್ತು. ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಅದು ತಮ್ಮ ಹಾಡಿನ ನಕಲು ಎಂದು ಕೋರ್ಟಿಗೆ ಹೋಗಿ, ತಡೆಯಾಜ್ಞೆ ಬಂದು, ಮನೆಯ ಪರದೆಗೆ ಬೇರೆ ಸಂಗೀತ ಹಾಕಿದ್ದರು. ಮುಂದೆ ಹಳೆಯ ಧಾಟಿ ವಾಪಸು ಬಂತು. ಆದರೆ ಆ ನಡುವಿನ ದಿನಗಳಲ್ಲಿ ಮನೆಯಲ್ಲಿ ನೋಡಿದವರಿಗೂ ಥಿಯೇಟರಿನಲ್ಲಿ ನೋಡಿದವರಿಗೂ ಜಗಳ ಹತ್ತಿಕೊಂಡಿತು. "ಕ್ಲೈಮ್ಯಾಕ್ಸಿನಲ್ಲಿ ಮೈ ಜುಮ್ಮೆನ್ನುತ್ತೆ" ಎಂದು ಇವರು, "ನಮಗೇನೂ ಎನ್ನಲಿಲ್ಲ" ಎಂದು ಅವರು. ಇಬ್ಬರದೂ ಸತ್ಯ, ಇಬ್ಬರೂ ನೋಡಿದ್ದು ಬೇರೆ ಬೇರೆ ಸಿನಿಮಾ. ಪ್ರಿಂಟು ಡಬ್ಬಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಹೀಗೆ ರಾತ್ರೋರಾತ್ರಿ ಹಾಡು ಬದಲಾಗುವ ಸಂಭವವಿರಲಿಲ್ಲ. ಆಪರೇಟರು ಒಂದು ರೀಲು ನುಂಗಿಬಿಡುತ್ತಿದ್ದರೇನೋ, ಅಷ್ಟೆ.

'ಸು ಫ್ರಮ್ ಸೋ' ಚಿತ್ರಮಂದಿರಕ್ಕೆ ಬರುವ ಮೂರು ತಿಂಗಳು ಮೊದಲು, ಏಪ್ರಿಲ್‌ನಲ್ಲಿ, ಜೀ5ನಲ್ಲಿ 'ಅಯ್ಯನ ಮನೆ' ಎಂಬ ಕನ್ನಡ ವೆಬ್ ಸರಣಿಯೂ ಬಂದಿತ್ತು. ಹೊರಗೆ ಹೋಗುವವರಿಗೊಂದು ದೆವ್ವ, ಮನೆಯಲ್ಲಿರುವವರಿಗೊಂದು ಶಾಪ, ಹೀಗೆ ಒಂದೇ ವರ್ಷದಲ್ಲಿ ಎರಡೂ ಏರ್ಪಾಡಾಗಿತ್ತು. 'ಪ್ರೀಮಿಯರ್ ಪದ್ಮಿನಿ' ಮಾಡಿದ ರಮೇಶ್ ಇಂದಿರಾ ಅದರ ನಿರ್ದೇಶಕರು. ದೊಡ್ಡ ಮನೆ, ಹೊಸದಾಗಿ ಬಂದ ಸೊಸೆ, ಹಿಂದೆ ಸತ್ತ ಸೊಸೆಯಂದಿರು, ಒಬ್ಬ ಕುಲದೈವ. ಅತ್ತೆಯವರು ಅವರೆಕಾಯಿ, ಬತ್ತಿ, ಹೂ ಯಾವುದನ್ನೂ ಮುಟ್ಟದೆ ನೋಡಿದ ಏಕೈಕ ಕೃತಿ ಇದು. ನನ್ನ ಪ್ರಕಾರ ಅದಕ್ಕೆ ಧಾರಾವಾಹಿಯ ವಾಸನೆ ಸ್ವಲ್ಪ ಜಾಸ್ತಿ. ಬಾಗಿಲು ತೆರೆದರೂ ಹಿನ್ನೆಲೆ ಸಂಗೀತ, ಮುಚ್ಚಿದರೂ ಹಿನ್ನೆಲೆ ಸಂಗೀತ. ಆದರೆ ಕಂತುಗಳು ಚಿಕ್ಕವು, ಕುತೂಹಲ ಕೆಡುವುದಿಲ್ಲ, ಖುಷಿ ರವಿ ಚೆನ್ನಾಗಿ ಮಾಡಿದ್ದಾರೆ. ಸೊಸೆಯೊಬ್ಬಳು ಅತ್ತೆಮನೆಯ ಗುಟ್ಟು ಬಗೆಯುವ ಕಥೆಯನ್ನು ಅತ್ತೆಯ ಪಕ್ಕದಲ್ಲೇ ಕೂತು ನೋಡುವುದರಲ್ಲಿ ಬೇರೆಯದೇ ರೋಮಾಂಚನವಿದೆ ಎಂಬುದನ್ನೂ ಇಲ್ಲಿ ಹೇಳಬೇಕು.

ಅದಕ್ಕೂ ಮೊದಲು, 2024ರ ಜುಲೈನಲ್ಲಿ, ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ 'ಏಕಂ' ಎಂಬ ಸರಣಿಯನ್ನು ಹೊರತಂದಿತ್ತು. ಕರಾವಳಿಯ ಏಳು ಕಥೆ, ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿಯಂಥವರು ನಟಿಸಿದ್ದು. ಸಿದ್ಧವಾಗಿ ವರ್ಷಗಟ್ಟಲೆ ಕಾದರೂ ಯಾವ ಒಟಿಟಿಯೂ ಕೊಳ್ಳದೆ, ಕೊನೆಗೆ ತಮ್ಮದೇ ಜಾಲತಾಣ ಮಾಡಿ 149 ರೂಪಾಯಿಗೆ ತೋರಿಸಬೇಕಾಯಿತು. ಇಲ್ಲಿದೆ ನೋಡಿ ಗಂಟು. ನಾವೆಲ್ಲ ಒಟಿಟಿಗೆ ಬರಲಿ ಎಂದು ಕಾಯುತ್ತೇವೆ. ಒಟಿಟಿಯವರು ಥಿಯೇಟರಿನಲ್ಲಿ ಮೊದಲು ಓಡಲಿ, ಆಮೇಲೆ ಕೊಳ್ಳೋಣ ಎಂದು ಕಾಯುತ್ತಾರೆ. ಥಿಯೇಟರಿನವರು ಮೊದಲ ಮೂರು ದಿನ ಜನ ಬರಲಿ, ಆಮೇಲೆ ಆಟ ಉಳಿಸಿಕೊಳ್ಳೋಣ ಎಂದು ಕಾಯುತ್ತಾರೆ. ಎಲ್ಲರೂ ಕಾಯುತ್ತಿರುವಾಗ ಸೋಮವಾರ ಬೆಳಿಗ್ಗೆ ಸಿನಿಮಾ ಎತ್ತಂಗಡಿಯಾಗಿರುತ್ತದೆ. ಆರು ತಿಂಗಳಾದ ಮೇಲೆ ಅದು ಎಲ್ಲೋ ಒಂದು ಮೂಲೆಯಲ್ಲಿ ಸಿಕ್ಕರೆ ನಾವು ನೋಡಿ, ಕಣ್ಣೊರೆಸಿಕೊಂಡು, "ಇಂಥ ಚಿತ್ರ ಯಾಕೆ ಓಡಲಿಲ್ಲ? ನಮ್ಮ ಜನಕ್ಕೆ ಅಭಿರುಚಿಯೇ ಇಲ್ಲ" ಎಂದು ಬರೆಯುತ್ತೇವೆ. ಆ ಜನ ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಥಿಯೇಟರಿಗೆ ಹೋಗದಿರುವುದಕ್ಕೆ ಕಾರಣಗಳೇ ಇಲ್ಲ ಎಂದಲ್ಲ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು, ನಮ್ಮ ಬೀದಿಯಲ್ಲಿ ಖುಷಿಪಡುವಷ್ಟರಲ್ಲಿ ಹೈಕೋರ್ಟಿನ ಮಧ್ಯಂತರ ತಡೆಯೂ ಬಂತು. ಅದೊಂದು ಮಧ್ಯಂತರವನ್ನು ಮಾತ್ರ ನಾವು ಗಮನವಿಟ್ಟು ನೋಡಿದೆವು. ಆದರೆ ಮನೆಯ ಪರದೆ ಅಗ್ಗವೆಂಬ ಮಾತೂ ಈಗ ಉಳಿದಿಲ್ಲ. ಚಂದಾ ಕಟ್ಟಿದ ಮೇಲೂ ನಡುವೆ ಜಾಹೀರಾತು ಬರುತ್ತದೆ, ಅದು ಬೇಡವೆಂದರೆ ಮೇಲೆ ಮತ್ತಿಷ್ಟು ಕೊಡಬೇಕು. ಕೆಲವು ಸಿನಿಮಾಗಳನ್ನು ಬಾಡಿಗೆಗೆ ಕೊಡುತ್ತಾರೆ, ಒಮ್ಮೆ ಒತ್ತಿದರೆ 48 ಗಂಟೆಯೊಳಗೆ ಮುಗಿಸಬೇಕು. ಹೀಗೆ ಒತ್ತಿದ ದಿನವೇ ಊರಿಂದ ಯಜಮಾನರ ದೊಡ್ಡಪ್ಪ ಬಂದು ಎರಡು ರಾತ್ರಿ ಉಳಿದುಕೊಂಡ ಕಥೆಯನ್ನು ಇನ್ನೊಮ್ಮೆ ಹೇಳುತ್ತೇನೆ. 2023ರ ಸೆಪ್ಟೆಂಬರಿನಿಂದ ತಂಬಾಕಿನ ಎಚ್ಚರಿಕೆಯೂ ಒಟಿಟಿಗೆ ಕಡ್ಡಾಯವಾಯಿತು. ಪರದೆಯ ಮೇಲೆ ಯಾರೋ ಬೀಡಿ ಹಚ್ಚಿದರೆ ಕೆಳಗೆ ಅಕ್ಷರ ಮೂಡುತ್ತದೆ, ಅತ್ತೆಯವರು ಯಜಮಾನರ ಕಡೆ ನೋಡುತ್ತಾರೆ, ಯಜಮಾನರು ಫ್ಯಾನ್ ಕಡೆ ನೋಡುತ್ತಾರೆ.

ಮನೆಯಲ್ಲೇ ನೋಡಬೇಕಾದವೂ ಇವೆ, ಅದನ್ನು ಒಪ್ಪಲೇಬೇಕು. 2025ರ ಮಾರ್ಚಿನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಬ್ರಿಟನ್ನಿನ 'ಅಡೊಲೆಸೆನ್ಸ್' ನಾಲ್ಕೇ ಕಂತಿನದು. ಒಂದೊಂದು ಕಂತೂ ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರಿಸಿದ್ದು. ಬೆಳಗಿನ ಜಾವ ಪೊಲೀಸರು ಬಾಗಿಲೊಡೆದು ಹದಿಮೂರು ವರ್ಷದ ಹುಡುಗನನ್ನು ಕೊಲೆ ಆರೋಪದ ಮೇಲೆ ಎತ್ತಿಕೊಂಡು ಹೋಗುತ್ತಾರೆ. ಅವನು ಎಲ್ಲಿಯೂ ಹೊರಗೆ ಕೆಟ್ಟವನಲ್ಲ, ತನ್ನ ಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ, ಅಪ್ಪ ಅಮ್ಮ ಪಕ್ಕದಲ್ಲೇ ಇರುವಾಗ ಕೆಟ್ಟವನು. ಮಗನೂ ನಾನೂ ಒಟ್ಟಿಗೆ ನೋಡಿದೆವು. ಅವನು ಲ್ಯಾಗ್ ಎನ್ನಲಿಲ್ಲ, ವೇಗ ಹೆಚ್ಚಿಸಲೂ ಇಲ್ಲ. ಅಂದು ರಾತ್ರಿ ನಾನು ನೀರು ಕುಡಿಯುವ ನೆಪದಲ್ಲಿ ಅವನ ಕೋಣೆಯ ಬಾಗಿಲಿನ ಮುಂದೆ ಹಾದುಹೋದೆ. "ಅಮ್ಮಾ, ನಾನು ಯಾರನ್ನೂ ಕೊಂದಿಲ್ಲ, ಮಲಕ್ಕೋ" ಎಂದು ಒಳಗಿಂದ ದನಿ ಬಂತು.

ಕನ್ನಡದಲ್ಲೂ ಮನೆಯ ಅಳತೆಗೆ ಹೊಲಿದ ಚಿತ್ರಗಳು ಸಾಕಷ್ಟಿವೆ. ಸಿಂಧು ಶ್ರೀನಿವಾಸಮೂರ್ತಿಯವರ 'ಆಚಾರ್ & ಕೋ' ಹಳೆಯ ಬೆಂಗಳೂರಿನ, ಮನೆ ತುಂಬ ಮಕ್ಕಳಿರುವ ಒಂದು ಸಂಸಾರದ ಕಥೆ. ಇದನ್ನು ನೋಡುವಾಗ ಅತ್ತೆಯವರು ಕಥೆಗಿಂತ ಹಿಂದಿನ ಪಾತ್ರೆ ಪರಡಿಗಳನ್ನೇ ಹೆಚ್ಚು ನೋಡಿದರು, "ಇಂಥದ್ದೊಂದು ನಮ್ಮನೇಲೂ ಇತ್ತು, ನಿಮ್ಮ ಮಾವ ಹಳೇ ಸಾಮಾನಿನವನಿಗೆ ಹಾಕಿದ್ರು" ಎಂದು ದಿವಂಗತ ಮಾವನವರ ವಿಚಾರಣೆಯೂ ನಡೆಯಿತು. ತೇಜಸ್ವಿಯವರ ಕಥೆ ಆಧರಿಸಿದ 'ಡೇರ್‌ಡೆವಿಲ್ ಮುಸ್ತಫಾ' ಇನ್ನೊಂದು, ತೇಜಸ್ವಿಯವರ ಓದುಗರೇ ದುಡ್ಡು ಹಾಕಿ ಮಾಡಿದ್ದು. ಅಬಚೂರಿನ ಕಾಲೇಜಿಗೆ ಮುಸ್ಲಿಂ ಹುಡುಗನೊಬ್ಬ ಸೇರುತ್ತಾನೆ, ಆಮೇಲೆ ಕ್ರಿಕೆಟ್ಟು. ಇಡೀ ಮನೆ ಕೂತು ನೋಡಿ, ಮುಗಿದ ಮೇಲೆ ಯಾರೂ ಯಾರ ಮುಖವನ್ನೂ ತಪ್ಪಿಸಬೇಕಾಗಿ ಬರದ ಚಿತ್ರ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು 'ಶಾಖಾಹಾರಿ'. 2024ರ ಫೆಬ್ರವರಿಯಲ್ಲಿ ಬಂತು, ಸಂದೀಪ್ ಸುಂಕದ್ ನಿರ್ದೇಶನ. ಮಲೆನಾಡಿನ ಸಣ್ಣ ಊರು, ಒಂದು ಸಸ್ಯಾಹಾರಿ ಹೋಟೆಲು, ಅದನ್ನು ನಡೆಸುವ ಸುಬ್ಬಣ್ಣನಾಗಿ ರಂಗಾಯಣ ರಘು. ಪೊಲೀಸರಿಂದ ತಪ್ಪಿಸಿಕೊಂಡ ಒಬ್ಬ ಹುಡುಗ ಹೋಟೆಲಿನೊಳಗೆ ಬಂದು ಅಡಗುತ್ತಾನೆ. ಹುಡುಕುವ ಇನ್ಸ್‌ಪೆಕ್ಟರು ಗೋಪಾಲಕೃಷ್ಣ ದೇಶಪಾಂಡೆ. ವರ್ಗ ಸಿಕ್ಕರೆ ಕಾಯಿಲೆಯ ಹೆಂಡತಿಯ ಹತ್ತಿರ ಹೋಗಬಹುದೆಂದು ಕಾಯುತ್ತಿರುವ ಮನುಷ್ಯ. ಕೂಗಾಟವಿಲ್ಲ, ಹಾರಾಟವಿಲ್ಲ. ವರ್ಷಗಟ್ಟಲೆ ನಮ್ಮನ್ನು ನಗಿಸಿದ ರಘು ಇಲ್ಲಿ ಒಂದು ಸಾಧಾರಣ ಅಡುಗೆಯವನ ಮುಖ ಇಟ್ಟುಕೊಂಡೇ ನಮ್ಮನ್ನು ಹೆದರಿಸುತ್ತಾರೆ. ಅವರೆಕಾಳಿನ ಪಾತ್ರೆ ಅರ್ಧಕ್ಕೇ ಉಳಿದ ಚಿತ್ರಗಳಲ್ಲಿ ಇದೂ ಒಂದು. ಮುಗಿದ ಮೇಲೆ ಯಜಮಾನರು "ಪರವಾಗಿಲ್ಲ" ಎಂದರು. ಅಷ್ಟು ಎಳೆದು ಹೇಳಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿಲ್ಲ.

ಆದ್ದರಿಂದ ಓದುಗರಲ್ಲಿ ಎರಡು ವಿನಂತಿ. ಬರುವ ಶುಕ್ರವಾರ ನಿಮ್ಮೂರಿನಲ್ಲಿ ಹೆಸರು ಕೇಳಿರದ ಒಂದು ಕನ್ನಡ ಸಿನಿಮಾ ಬಂದಿದ್ದರೆ, ಭಾನುವಾರದೊಳಗೆ ಹೋಗಿ ಬನ್ನಿ. ಚೆನ್ನಾಗಿಲ್ಲದಿದ್ದರೆ ಧಾರಾಳವಾಗಿ ಬೈಯಿರಿ, ಬೈಗುಳಕ್ಕೂ ಮೊದಲ ವಾರದಲ್ಲಿ ಬೆಲೆಯಿದೆ. ಹೋಗಲಾಗದಿದ್ದರೆ ಇವತ್ತು ರಾತ್ರಿ ಮನೆಯಲ್ಲೇ 'ಶಾಖಾಹಾರಿ' ಹಾಕಿ, ಫೋನುಗಳನ್ನು ಅಡುಗೆಮನೆಯಲ್ಲಿಟ್ಟು ಬನ್ನಿ. ಊಟ ಮಾತ್ರ ಮೊದಲೇ ಮುಗಿಸಿಕೊಂಡು ಕೂರಿ. ಯಾಕೆ ಎಂದು ಈಗ ಕೇಳಬೇಡಿ.